ತಂತಿ ಸಡಿಲ ಮಾಡಿದರೆ ಶ್ರುತಿ ಕೆಡಲ್ವಾ?

ಪ್ರಶ್ನೆ: ಹವಾಯಿಯ ಸ್ಲ್ಯಾಕ್-ಕೀ ಗಿಟಾರ್‌ನಲ್ಲಿ ತಂತಿಗಳನ್ನು ಬೇಕಂತಲೇ ಸಡಿಲ ಮಾಡುತ್ತಾರಂತೆ. ಹಾಗೆ ಮಾಡಿದರೆ ಶ್ರುತಿ ಕೆಡಲ್ವಾ?

ಕೆಡುವುದಿಲ್ಲ. ಒಂದು ಶ್ರುತಿ ಬಿಟ್ಟು ಇನ್ನೊಂದರಲ್ಲಿ ಹೋಗಿ ಕೂರುತ್ತದೆ, ಅಷ್ಟೆ. ಮನೆಯಲ್ಲಿ ಗಿಟಾರ್ ಇದ್ದರೆ ಮಾಡಿಯೇ ನೋಡಿ. ಮಾಮೂಲಿಯಾಗಿ ದಪ್ಪ ತಂತಿಯಿಂದ ಸಣ್ಣದರವರೆಗೆ ಇ, ಎ, ಡಿ, ಜಿ, ಬಿ, ಇ ಎಂಬ ಸ್ವರಗಳು ಇರುತ್ತವೆ. ಎರಡೂ ಇ ತಂತಿಗಳನ್ನು ಡಿಗೆ ಇಳಿಸಿ, ಎ ತಂತಿಯನ್ನು ಜಿಗೆ ಇಳಿಸಿ. ಉಳಿದ ಮೂರನ್ನು ಮುಟ್ಟಬೇಡಿ. ಈಗ ಎಡಗೈ ಇಡದೆ ಸುಮ್ನೆ ಒಮ್ಮೆ ಮೀಟಿ. ಆರೂ ತಂತಿ ಸೇರಿ ಜಿ ಮೇಜರ್ ಕಾರ್ಡ್, ಅಂದರೆ ಒಟ್ಟಿಗೆ ಹೊಂದಿ ನುಡಿಯುವ ಸ್ವರಗಳ ಗುಂಪು, ತುಂಬಿಕೊಂಡು ಬರುತ್ತದೆ. ಈ ಶ್ರುತಿಗೆ ಅಲ್ಲಿಯವರು ‘ಟ್ಯಾರೋ ಪ್ಯಾಚ್’ ಅನ್ನುತ್ತಾರೆ. ಅಂದರೆ ಕೆಸುವಿನ ಗದ್ದೆ. ಹೌದು, ನಮ್ಮ ಪತ್ರೊಡೆಯ ಕೆಸುವೇ.

ಇದರಿಂದ ಏನು ಲಾಭ? ಹೆಬ್ಬೆರಳು ದಪ್ಪ ತಂತಿಗಳ ಮೇಲೆ ಒಂದೇ ಸಮನೆ ಲಯ ಹಿಡಿದಿರುತ್ತದೆ. ಉಳಿದ ಬೆರಳುಗಳು ಸಣ್ಣ ತಂತಿಗಳಲ್ಲಿ ಹಾಡು ನುಡಿಸುತ್ತವೆ. ಎಡಗೈ ಎತ್ತಿದರೂ ಬಿಟ್ಟ ತಂತಿ ಶ್ರುತಿಯಲ್ಲೇ ಮಿಡಿಯುತ್ತದೆ. ನುಡಿಸುವವರು ಒಬ್ಬರೇ ಆದರೂ ಇಬ್ಬರು ಕೂತಂತೆ ಕೇಳಿಸುತ್ತದೆ. (ಮಡಿಲಲ್ಲಿಟ್ಟು ಉಕ್ಕಿನ ತುಂಡು ಜಾರಿಸಿ ನುಡಿಸುವ, ನಮಗೆ ಜಾಸ್ತಿ ಗೊತ್ತಿರುವ ಹವಾಯಿಯನ್ ಗಿಟಾರ್ ಬೇರೆ. ಗೊಂದಲ ಬೇಡ.)

1830ರ ದಶಕದಲ್ಲಿ ಮೆಕ್ಸಿಕೋ ಕಡೆಯಿಂದ ಬಂದ ದನಗಾಹಿಗಳ ಜೊತೆ ಗಿಟಾರ್ ಅಲ್ಲಿಗೆ ಬಂತು ಅನ್ನುತ್ತಾರೆ. ಶ್ರುತಿಗಳನ್ನು ಹವಾಯಿಯ ಮನೆಗಳೇ ಕಟ್ಟಿಕೊಂಡವು. ಒಂದೊಂದು ಮನೆತನಕ್ಕೆ ಒಂದೊಂದು. ನುಡಿಸಿ ಮುಗಿದ ಮೇಲೆ, ಬೇರೆಯವರಿಗೆ ಗೊತ್ತಾಗದಿರಲಿ ಅಂತ ತಂತಿಗಳ ಶ್ರುತಿ ಕೆಡಿಸಿ ಇಡುತ್ತಿದ್ದರಂತೆ. ಇದನ್ನು ಜಿಪುಣತನ ಅನ್ನಲು ನನಗೆ ಮನಸ್ಸಿಲ್ಲ. ಬರೆದಿಟ್ಟಿದ್ದು ಏನೂ ಇರಲಿಲ್ಲ. ಹಿರಿಯರ ಪಕ್ಕ ಕೂತು, ಬೆರಳು ನೋಡಿ, ಕಿವಿಗೊಟ್ಟು ಕಲಿತವರಿಗೆ ಅದು ಮನೆಯ ಆಸ್ತಿ. 1946ರಲ್ಲಿ ಹವಾಯಿಯ ಗಿಟಾರ್ ವಾದಕ ಗ್ಯಾಬಿ ಪಾಹಿನುಯಿ ‘ಹಿಇಲಾವೆ’ ಹಾಡನ್ನು ಧ್ವನಿಮುದ್ರಿಸಿದ ಮೇಲೆ ಈ ವಾದನ ಮನೆ ದಾಟಿ ಎಲ್ಲರ ಕಿವಿಗೂ ಬಿತ್ತು.

ಹಾಗೆ ಮನೆಯಲ್ಲೇ ಕಲಿತವರಲ್ಲಿ ಲೆಡ್ವರ್ಡ್ ಕಾಅಪಾನಾ ಒಬ್ಬರು. ಹುಟ್ಟಿದ್ದು 1948ರಲ್ಲಿ, ಬೆಳೆದದ್ದು ಹವಾಯಿ ದ್ವೀಪದ ಕಲಾಪಾನಾ ಎಂಬ ಕಡಲತೀರದ ಊರಲ್ಲಿ. ಊರಿಗೆ ಕರೆಂಟ್ ಇರಲಿಲ್ಲ. ಸಂಜೆಯಾದರೆ ಹಾಡೇ ಹೊತ್ತು ಕಳೆಯುವ ದಾರಿ. ಅವರಿಗೆ ಕಲಿಸಿದ್ದು ತಾಯಿ ಟೀನಾ ಮತ್ತು ಮಾವ ಫ್ರೆಡ್ ಪುನಾಹೋವಾ. ಆಮೇಲೆ ಅವಳಿ ಸಹೋದರ ನೆಡ್ವರ್ಡ್, ಸೋದರಸಂಬಂಧಿ ಡೆನ್ನಿಸ್ ಪವಾವೋ ಜೊತೆ ಸೇರಿ ‘ಹುಯಿ ಒಹಾನಾ’ ತಂಡ ಕಟ್ಟಿದರು. ಒಹಾನಾ ಅಂದರೆ ಕುಟುಂಬ.

1990ರಲ್ಲಿ ಕಿಲಾವೆಯಾ ಜ್ವಾಲಾಮುಖಿಯ ಲಾವಾ ಹರಿದು ಬಂದು ಕಲಾಪಾನಾವನ್ನು ಮುಚ್ಚಿತು. ಊರಿದ್ದ ಜಾಗ ಈಗ ಕಪ್ಪು ಬಂಡೆ. 2011ರಲ್ಲಿ ಅಮೆರಿಕ ಜಾನಪದ ಕಲಾವಿದರಿಗೆ ಕೊಡುವ ರಾಷ್ಟ್ರೀಯ ಗೌರವವನ್ನು ಲೆಡ್ವರ್ಡ್‌ಗೆ ಕೊಟ್ಟಿತು. ಅಮ್ಮ, ಮಾವ ಆ ಊರಲ್ಲಿ ತಂತಿ ಇಳಿಸಿ ತೋರಿಸಿಕೊಟ್ಟ ವಿದ್ಯೆಗೇ.