ಚಂದ್ರಲೇಖಾ ಅವರ ನೃತ್ಯವನ್ನು ನೋಡುವುದು ಹೇಗೆ?

ಬಳ್ಳಾರಿಯಲ್ಲಿ ನನ್ನ ಜೊತೆ ಭರತನಾಟ್ಯ ಕಲಿಯುತ್ತಿರುವವರಿಗಾಗಿ ಈ ಟಿಪ್ಪಣಿ. ಸಮಕಾಲೀನ ನೃತ್ಯ ಅಂದ ಕೂಡಲೇ ಟಿವಿ ರಿಯಾಲಿಟಿ ಶೋಗಳ ಉರುಳಾಟ, ಜಿಗಿತ ನೆನಪಾಗುತ್ತದೆ, ಅಲ್ವಾ? ಅದನ್ನು ಸ್ವಲ್ಪ ಪಕ್ಕಕ್ಕಿಡೋಣ. ನೃತ್ಯಗಾರ್ತಿ, ನೃತ್ಯ ಸಂಯೋಜಕಿ ಚಂದ್ರಲೇಖಾ (1928–2006) ಅವರಿಂದ ಶುರು ಮಾಡಿದರೆ ದಾರಿ ಸಲೀಸು.

ಹುಟ್ಟಿದ್ದು ಮಹಾರಾಷ್ಟ್ರದ ವಾಡಾದಲ್ಲಿ. ಮದ್ರಾಸಿಗೆ ಬಂದು ಕಾಂಚೀಪುರಂ ಎಲ್ಲಪ್ಪ ಪಿಳ್ಳೆ ಅವರಲ್ಲಿ ಕಲಿತರು. 1952ರ ರಂಗಪ್ರವೇಶ ರಾಯಲಸೀಮೆಯ ಬರ ಪರಿಹಾರ ನಿಧಿಗಾಗಿ ನಡೆಯಿತು. ಆಗ ನಮ್ಮ ಬಳ್ಳಾರಿಯೂ ಅನಂತಪುರ, ಕರ್ನೂಲು, ಕಡಪಗಳ ಜೊತೆ ಮದ್ರಾಸ್ ರಾಜ್ಯದಲ್ಲೇ ಇತ್ತು. ಮೈಸೂರಿಗೆ ಸೇರಿದ್ದು 1953ರ ಅಕ್ಟೋಬರ್ 1ಕ್ಕೆ.

ಅಂದು ಅವರು ಅಭಿನಯಿಸುತ್ತಿದ್ದದ್ದು ಯಮುನೆಯನ್ನು: ತುಂಬಿ ಹರಿಯುವ ನದಿ, ಸಖಿಯರ ನೀರಾಟ. ಮಧ್ಯದಲ್ಲಿ ಪತ್ರಿಕೆಯಲ್ಲಿ ಕಂಡ ಫೋಟೊಗಳು ಕಣ್ಣಿಗೆ ಕಟ್ಟಿದವು. ಬಿರುಕು ಬಿಟ್ಟ ನೆಲ, ಡಬ್ಬಿ ಹಿಡಿದು ನೀರಿಗೆ ಸಾಲುಗಟ್ಟಿದ ಜನ. ಕೈ ತೋರಿಸುತ್ತಿರುವ ನೀರಿಗೂ ಹೊರಗಿನ ಬದುಕಿಗೂ ಏನು ಸಂಬಂಧ ಅನ್ನುವ ಪ್ರಶ್ನೆ ಅಲ್ಲೇ ಹುಟ್ಟಿತು ಎಂದು ಅವರೇ ಮುಂದೆ ಹೇಳಿಕೊಂಡಿದ್ದಾರೆ. ನಳದ ನೀರಿಗೆ ಕಾದು ಗೊತ್ತಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

1960ರ ದಶಕದಲ್ಲಿ ವೇದಿಕೆಯಿಂದ ದೂರ ಸರಿದರು. ಪೋಸ್ಟರ್ ವಿನ್ಯಾಸ, ಬರವಣಿಗೆ, ಮಹಿಳಾ ಚಳವಳಿ ಎಂದು ವರ್ಷಗಳು ಕಳೆದವು. ಆ ಭಾಗ ಓದಿಕೊಂಡರೆ ಸಾಕು. ನಮಗೆ ಮುಖ್ಯವಾದದ್ದು 1985ರ ನೃತ್ಯಕೃತಿ ‘ಆಂಗಿಕ’. ಭರತನಾಟ್ಯದ ಜೊತೆ ಕೇರಳದ ಸಮರಕಲೆ ಕಳರಿಪಯಟ್ಟು, ಯೋಗ ಎರಡೂ ಅದರಲ್ಲಿ ಬಂದವು. ದೇವರ ಕಥೆ ಹೋಯಿತು, ಒಡವೆ ಹೋಯಿತು, ನಗುಮುಖವೂ ಹೋಯಿತು. ನಮ್ಮ ದೊಡ್ಡಾಟದಲ್ಲಿ ಕಿರೀಟ, ಭುಜಕೀರ್ತಿ ಕಂಡ ಕೂಡಲೇ ಪಾತ್ರ ಯಾವುದೆಂದು ತಿಳಿಯುತ್ತದೆ. ಇಲ್ಲಿ ಆ ಆಸರೆ ಇಲ್ಲ. ಕಾಣುವುದೆಲ್ಲ ಬೆನ್ನು, ಸೊಂಟ, ತೊಡೆ, ಉಸಿರು.

ಒಂದು ಪ್ರಯೋಗ ಮಾಡಿ. ಅರಮಂಡಿಯಲ್ಲಿ (ಮಂಡಿಗಳನ್ನು ಹೊರಕ್ಕೆ ಬಾಗಿಸಿದ ಅರೆಕೂತ ಭಂಗಿ) ಕೂತು, ತಾಳ ಹಾಕದೆ, ಒಂದು ಕಾಲನ್ನು ಒಂದು ದೀರ್ಘ ಉಸಿರಿನಷ್ಟು ಹೊತ್ತು ಮೆಲ್ಲಗೆ ಎತ್ತಿ. ಅಡವು, ಅಂದರೆ ಭರತನಾಟ್ಯದ ಮೂಲ ಹೆಜ್ಜೆ, ಮಾಡುವಾಗ ವೇಗ ಮುಚ್ಚಿಡುವುದೆಲ್ಲ ಈಗ ಬಯಲಾಗುತ್ತದೆ. ತೊಡೆ ನಡುಗುತ್ತದೆ, ಸೊಂಟ ಒಂದು ಕಡೆ ಜಾರುತ್ತದೆ, ಹೆಬ್ಬೆರಳು ನೆಲವನ್ನು ಗಟ್ಟಿಯಾಗಿ ಹಿಡಿಯುತ್ತದೆ. ಅವರ ನಿಧಾನ ಸುಮ್ನೆ ಸ್ಟೈಲ್ ಅಲ್ಲ. ಬೆನ್ನೆಲುಬು ನೆಟ್ಟಗಿದ್ದರೆ ಮಾತ್ರ ಅದು ಸಾಧ್ಯ. ಈ ಬೆನ್ನೆಲುಬೇ 1991ರ ‘ಶ್ರೀ’ ಕೃತಿಯಲ್ಲಿ ವಿಷಯವಾಯಿತು: ಬಾಗಿದ ಬೆನ್ನಿನಲ್ಲೇ ನಡೆಯುವ ಹೆಂಗಸರು. ಬೈಠಕ್ ಹೊಡೆದು ತೊಡೆ ಗಟ್ಟಿ ಮಾಡಿಕೊಂಡರೆ ಸಾಲದು ಅನ್ನುವುದು ಆಗ ಅರ್ಥವಾಗುತ್ತದೆ.

‘ಇದರಲ್ಲಿ ಭಾವವೇ ಇಲ್ಲ’ ಅನ್ನುವ ಆಕ್ಷೇಪ ನಮ್ಮಲ್ಲೂ ಬರುತ್ತದೆ. ನನಗೆ ಹಾಗನ್ನಿಸುವುದಿಲ್ಲ. ಭಾವ ಮುಖ ಬಿಟ್ಟು ಮೈಗೆ ಇಳಿದಿದೆ, ಅಷ್ಟೇ. ಆದರೆ ಕಥೆಯ ರುಚಿ ಹತ್ತಿದವರಿಗೆ ಬೇಸರ ಬರುವುದೂ ಸಹಜ, ಅದನ್ನು ಒಪ್ಪಬೇಕು.

ವಿಡಿಯೊ ಸಿಕ್ಕರೆ 2001ರ ‘ಶರೀರ’ದಿಂದ ಶುರು ಮಾಡಬೇಡಿ. ಗುಂದೇಚಾ ಸಹೋದರರ ಧ್ರುಪದ್ (ಹಿಂದೂಸ್ತಾನಿ ಸಂಗೀತದ ಹಳೆಯ ಗಾಯನ ಶೈಲಿ) ಹಾಡಿಗೆ ಇಬ್ಬರೇ ಕಲಾವಿದರು, ತೀರಾ ನಿಧಾನ. ಮೊದಲು ಭಾಸ್ಕರಾಚಾರ್ಯರ ಗಣಿತವನ್ನು ನೃತ್ಯಕ್ಕಿಳಿಸಿದ 1989ರ ‘ಲೀಲಾವತಿ’ ನೋಡಿ. ಅಡವುಗಳ ಗುರುತು ಅದರಲ್ಲಿ ಜಾಸ್ತಿ, ನಮಗೆ ಹಿಡಿಯಲು ಸುಲಭ.