ಎರಡು ಆಲ್ಬಮ್‌ಗಳ ನಡುವೆ 21 ವರ್ಷ: ಮೈ ಬ್ಲಡಿ ವ್ಯಾಲಂಟೈನ್ ತಡ ಮಾಡಿದ್ದೇಕೆ?

ಮೈ ಬ್ಲಡಿ ವ್ಯಾಲಂಟೈನ್ ಎಂಬ ರಾಕ್ ಬ್ಯಾಂಡಿನ ‘ಲವ್‌ಲೆಸ್’ ಆಲ್ಬಮ್ ಬಂದದ್ದು 1991ರ ನವೆಂಬರ್‌ನಲ್ಲಿ. ಅದರ ನಂತರದ ಆಲ್ಬಮ್ ಬಂದದ್ದು 2013ರ ಫೆಬ್ರುವರಿಯಲ್ಲಿ. ನಡುವೆ 21 ವರ್ಷ. ಇದಕ್ಕೆ ಸಾಮಾನ್ಯವಾಗಿ ಹೇಳುವ ಕಾರಣ ಒಂದೇ, ಗಿಟಾರ್ ವಾದಕ ಕೆವಿನ್ ಶೀಲ್ಡ್ಸ್ ಅವರ ಹಟ. ಹಟ ಇತ್ತು, ಇಲ್ಲ ಅನ್ನಲಾಗದು. ಆದರೆ ಬ್ಯಾಂಡಿನ ಕಥೆಯನ್ನು ಮೊದಲಿಂದ ನೋಡಿದರೆ ಇನ್ನೊಂದು ಪ್ರಶ್ನೆ ಏಳುತ್ತದೆ. ಆ ಹಟಕ್ಕೆ ಬೇಕಾದ ಸಮಯಕ್ಕೆ ದುಡ್ಡು ಕೊಡುತ್ತಿದ್ದವರು ಯಾರು?

ಶೀಲ್ಡ್ಸ್ ಹುಟ್ಟಿದ್ದು ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ. ಅವರಿಗೆ ಹತ್ತು ವರ್ಷವಾಗಿದ್ದಾಗ ಮನೆಯವರು ಡಬ್ಲಿನ್‌ಗೆ ಬಂದು ನೆಲೆಸಿದರು. 1978ರಲ್ಲಿ ಒಂದು ಕರಾಟೆ ಪಂದ್ಯದಲ್ಲಿ ಅವರಿಗೆ ಕೊಲಮ್ ಓ ಕೀಸೋಗ್ ಸಿಕ್ಕರು. ಒಬ್ಬರದು ಗಿಟಾರ್, ಇನ್ನೊಬ್ಬರದು ಡ್ರಮ್ಸ್. 1983ರಲ್ಲಿ ಹಾಡುಗಾರ ಡೇವ್ ಕಾನ್ವೇ ಜೊತೆ ಸೇರಿ ಬ್ಯಾಂಡ್ ಕಟ್ಟಿದರು. ಆದರೆ ಡಬ್ಲಿನ್‌ನಲ್ಲಿ ಇವರಿಗೆ ದಾರಿ ಕಾಣಲಿಲ್ಲ. ಊರು ಬಿಡಿ ಎಂದು ಹೇಳಿ, ನೆದರ್ಲೆಂಡ್ಸ್‌ನಲ್ಲಿ ಪರಿಚಯ ಮಾಡಿಕೊಟ್ಟವರು ಅದೇ ಊರಿನ ವರ್ಜಿನ್ ಪ್ರೂನ್ಸ್ ಬ್ಯಾಂಡಿನ ಗೆವಿನ್ ಫ್ರೈಡೆ. ನೆದರ್ಲೆಂಡ್ಸ್‌ನಿಂದ ಬರ್ಲಿನ್, ಬರ್ಲಿನ್‌ನಲ್ಲಿ ಒಂದು ಪುಟ್ಟ ರೆಕಾರ್ಡ್, ಆಮೇಲೆ 1985ರಲ್ಲಿ ಲಂಡನ್. ಅಲ್ಲಿ ಬೇಸ್ ಗಿಟಾರ್‌ಗೆ ಡೆಬ್ಬಿ ಗೂಜ್ ಸೇರಿದರು. 1987ರಲ್ಲಿ ಕಾನ್ವೇ ಬಿಟ್ಟು ಹೋದರು, ಬಿಲಿಂಡಾ ಬುಚರ್ ಬಂದರು.

ಬುಚರ್ ಬಂದ ಮೇಲೆ ಬ್ಯಾಂಡ್ ಬೇರೆಯೇ ಆಯಿತು. 1988ರಲ್ಲಿ ಅಲನ್ ಮೆಗೀ ಅವರ ಕ್ರಿಯೇಷನ್ ರೆಕಾರ್ಡ್ಸ್ ಎಂಬ ರೆಕಾರ್ಡ್ ಕಂಪನಿ ಇವರನ್ನು ತೆಗೆದುಕೊಂಡಿತು. ಅದೇ ವರ್ಷ ‘ಇಸಂಟ್ ಎನಿಥಿಂಗ್’ ಆಲ್ಬಮ್ ಬಂತು. ಅಲ್ಲಿಯ ತನಕ ಇವರನ್ನು ಗಮನಿಸದಿದ್ದ ಇಂಗ್ಲೆಂಡಿನ ಸಂಗೀತ ಪತ್ರಿಕೆಗಳು ಒಮ್ಮೆಗೇ ಹೊಗಳತೊಡಗಿದವು. ಇವರ ದಾರಿ ಹಿಡಿದ ಹೊಸ ಬ್ಯಾಂಡ್‌ಗಳು ಹುಟ್ಟಿದವು. ಆ ಬಗೆಯ ಸಂಗೀತಕ್ಕೆ ಮುಂದೆ ಶೂಗೇಜ್ ಎಂಬ ಹೆಸರು ಬಿತ್ತು.

ಶೀಲ್ಡ್ಸ್ ಕಂಡುಕೊಂಡಿದ್ದಾದರೂ ಏನು? ಕೆಲವು ಗಿಟಾರ್‌ಗಳಲ್ಲಿ ಒಂದು ಲೋಹದ ಕಡ್ಡಿ ಇರುತ್ತದೆ, ಟ್ರೆಮೊಲೊ ಆರ್ಮ್ ಅನ್ನುತ್ತಾರೆ. ಒತ್ತಿದರೆ ತಂತಿಗಳ ಬಿಗಿ ಬದಲಾಗಿ ಸ್ವರ ಜಾರುತ್ತದೆ. ಬೇರೆಯವರು ಸ್ವರ ನುಡಿಸಿ, ಆಮೇಲೆ ಕಡ್ಡಿ ಒತ್ತುತ್ತಿದ್ದರು. ಶೀಲ್ಡ್ಸ್ ಕಡ್ಡಿಯನ್ನು ಕೈಯಲ್ಲೇ ಹಿಡಿದುಕೊಂಡು ತಂತಿ ಬಾರಿಸಿದರು. ಹಾಗಾಗಿ ಇಡೀ ಸ್ವರಗುಚ್ಛ ಎಲ್ಲೂ ನಿಲ್ಲದೆ ಮೇಲೆ ಕೆಳಗೆ ತೂಗಾಡುತ್ತದೆ. ಕೇಳುವವರಿಗೆ ಹತ್ತಾರು ಗಿಟಾರ್ ಒಟ್ಟಿಗೆ ನುಡಿದಂತೆ ಅನ್ನಿಸುತ್ತದೆ. ಅಷ್ಟೊಂದು ಗಿಟಾರ್ ಅಲ್ಲಿಲ್ಲ ಎಂದು ಶೀಲ್ಡ್ಸ್ ಮತ್ತೆ ಮತ್ತೆ ಹೇಳಿದ್ದಾರೆ. ಅದರ ನಡುವೆ ಬುಚರ್ ಅವರ ಮೆಲುದನಿ. ಎಷ್ಟೋ ಸಲ ಅವರನ್ನು ನಿದ್ದೆಯಿಂದ ಎಬ್ಬಿಸಿ ಹಾಡಿಸಿದ್ದರಂತೆ. ಆ ಮಂಪರು ಹಾಡುಗಳಲ್ಲಿ ಹಾಗೇ ಉಳಿದಿದೆ.

‘ಲವ್‌ಲೆಸ್’ ಶುರುವಾಗಿದ್ದು 1989ರ ಫೆಬ್ರುವರಿಯಲ್ಲಿ. ಐದು ದಿನದಲ್ಲಿ ಮುಗಿಯುತ್ತದೆ ಎಂದು ಕ್ರಿಯೇಷನ್ ಅಂದುಕೊಂಡಿತ್ತು. ಮುಗಿಯಲು ಎರಡೂವರೆ ವರ್ಷ ಬೇಕಾಯಿತು. ಹತ್ತೊಂಬತ್ತು ಸ್ಟುಡಿಯೊ ಬದಲಾದವು. ಎಂಜಿನಿಯರ್‌ಗಳು ಬಂದರು, ಹೋದರು. ಅಲನ್ ಮೌಲ್ಡರ್ ಅವರಂಥ ಕೆಲವರನ್ನು ಬಿಟ್ಟರೆ ಯಾರ ಕೈಗೂ ಶೀಲ್ಡ್ಸ್ ಕೆಲಸ ಕೊಡಲಿಲ್ಲ.

ಈ ಕಥೆ ಹೇಳುವವರು ಸಾಮಾನ್ಯವಾಗಿ ಬಿಟ್ಟುಬಿಡುವ ಸಂಗತಿಯೊಂದಿದೆ. ಆ ಹೊತ್ತಿನಲ್ಲಿ ಓ ಕೀಸೋಗ್‌ಗೆ ಇರಲು ಮನೆ ಇರಲಿಲ್ಲ, ಆರೋಗ್ಯವೂ ಕೆಟ್ಟಿತ್ತು. ಡ್ರಮ್ಸ್ ಬಾರಿಸುವ ಸ್ಥಿತಿಯಲ್ಲೇ ಅವರು ಇರಲಿಲ್ಲ. ಅವರಿಂದ ಆದಷ್ಟು ನುಡಿಸಿಕೊಂಡು, ಆ ತುಣುಕುಗಳನ್ನು ಯಂತ್ರದಲ್ಲಿ ಜೋಡಿಸಿ, ಹೆಚ್ಚಿನ ಹಾಡುಗಳ ತಾಳ ಕಟ್ಟಿದರು. ಪತ್ರಿಕೆಗಳು ಹೊಗಳುತ್ತಿದ್ದ ಬ್ಯಾಂಡಿನ ಡ್ರಮ್ಮರ್‌ಗೆ ತಲೆ ಮೇಲೊಂದು ಸೂರಿಲ್ಲ! ಇದು ಗೊತ್ತಾದ ಮೇಲೆ, ತಡವಾದದ್ದಕ್ಕೆಲ್ಲ ಒಬ್ಬರ ಹಟವೇ ಕಾರಣ ಅನ್ನುವ ಮಾತನ್ನು ನಾನಂತೂ ಒಪ್ಪಲಾರೆ.

ಖರ್ಚು 2.5 ಲಕ್ಷ ಪೌಂಡ್, ಅದರಿಂದ ಕ್ರಿಯೇಷನ್ ಮುಳುಗುವ ಹಂತಕ್ಕೆ ಬಂತು ಎಂಬ ಮಾತು ಹಬ್ಬಿತು. ಅಷ್ಟು ಆಗಿಲ್ಲ, ಅದು ಉಬ್ಬಿಸಿದ ಲೆಕ್ಕ ಎನ್ನುತ್ತಾರೆ ಶೀಲ್ಡ್ಸ್. ಲೆಕ್ಕ ಯಾವುದೇ ಇರಲಿ, ಸಣ್ಣ ಕಂಪನಿಗೆ ಅದು ಭಾರವೇ ಆಗಿತ್ತು. ಆಲ್ಬಮ್ ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ 24ನೇ ಸ್ಥಾನಕ್ಕೆ ಏರಿತು. ವಿಮರ್ಶಕರು ತಲೆ ಮೇಲೆ ಹೊತ್ತರು. ಆದರೂ ಮೆಗೀ ಬ್ಯಾಂಡನ್ನು ಕೈಬಿಟ್ಟರು. ಮರುವರ್ಷವೇ ಕ್ರಿಯೇಷನ್‌ನ ಅರ್ಧದಷ್ಟು ಪಾಲು ಸೋನಿಗೆ ಹೋಯಿತು.

1992ರಲ್ಲಿ ಐಲ್ಯಾಂಡ್ ರೆಕಾರ್ಡ್ಸ್ ಜೊತೆ ಒಪ್ಪಂದವಾಯಿತು. ಈ ಸಲ ಕೈತುಂಬ ದುಡ್ಡು. ಬಾಡಿಗೆ ಸ್ಟುಡಿಯೊಗಳ ಕಾಟವೇ ಬೇಡ ಎಂದು ದಕ್ಷಿಣ ಲಂಡನ್ನಿನ ಸ್ಟ್ರೆಥಮ್‌ನ ಮನೆಯಲ್ಲೇ ಸ್ಟುಡಿಯೊ ಕಟ್ಟಿದರು. ಸರಿಯಾದ ನಿರ್ಧಾರದಂತೆಯೇ ಕಾಣುತ್ತದೆ, ಅಲ್ವಾ? ಆದರೆ ಉಪಕರಣಗಳೇ ಕೈಕೊಟ್ಟವು. ತಿಂಗಳುಗಳು ಕಳೆದವು. ಗಡುವು ಹಾಕುವವರು ಹತ್ತಿರದಲ್ಲಿ ಇರಲಿಲ್ಲ, ಮುಗಿಸುವ ಧೈರ್ಯವೂ ಬರಲಿಲ್ಲ. ಮಾಡಿದ್ದರಲ್ಲಿ ಜೀವ ಇರಲಿಲ್ಲ ಎಂದು ಶೀಲ್ಡ್ಸ್ ಆಮೇಲೆ ಹೇಳಿದರು. ದುಡ್ಡಿದ್ದೂ ಕೆಲಸ ಆಗದ ಈ ಕಾಲವೇ ಅವರ ಬದುಕಿನ ದೊಡ್ಡ ಇಳಿತ. ಇದರ ಹೊಣೆ ಅವರದೇ.

1995ರಲ್ಲಿ ಗೂಜ್, ಓ ಕೀಸೋಗ್ ಇಬ್ಬರೂ ಹೊರಬಂದರು. ಗೂಜ್ ಕೆಲವು ಕಾಲ ಲಂಡನ್‌ನಲ್ಲಿ ಟ್ಯಾಕ್ಸಿ ಓಡಿಸಿದರು, ಆಮೇಲೆ ಸ್ನೋಪೋನಿ ಎಂಬ ಬ್ಯಾಂಡ್ ಕಟ್ಟಿದರು. 1997ರ ಹೊತ್ತಿಗೆ ಬುಚರ್ ಕೂಡ ದೂರವಾದರು. ಶೀಲ್ಡ್ಸ್ ಪ್ರೈಮಲ್ ಸ್ಕ್ರೀಮ್ ಎಂಬ ಬ್ಯಾಂಡ್ ಜೊತೆ ನುಡಿಸಿದರು, 2003ರಲ್ಲಿ ‘ಲಾಸ್ಟ್ ಇನ್ ಟ್ರಾನ್ಸ್‌ಲೇಶನ್’ ಸಿನಿಮಾಕ್ಕೆ ಸಂಗೀತ ಕೊಟ್ಟರು. ಇತ್ತ ‘ಲವ್‌ಲೆಸ್’ ಕೇಳಿ ಗಿಟಾರ್ ಹಿಡಿದ ಹುಡುಗ ಹುಡುಗಿಯರ ಒಂದು ತಲೆಮಾರೇ ಬೆಳೆದಿತ್ತು.

2008ರಲ್ಲಿ ಅದೇ ನಾಲ್ವರು ಮತ್ತೆ ವೇದಿಕೆ ಹತ್ತಿದರು. ಬಾಗಿಲಲ್ಲೇ ಜನರಿಗೆ ಇಯರ್‌ಪ್ಲಗ್ ಹಂಚುತ್ತಿದ್ದರು. ಯಾಕೆಂದರೆ ‘ಯು ಮೇಡ್ ಮಿ ರಿಯಲೈಸ್’ ಹಾಡಿನ ನಡುವೆ ಎಲ್ಲರೂ ಸೇರಿ ಒಂದೇ ಗದ್ದಲವನ್ನು ಹದಿನೈದು, ಇಪ್ಪತ್ತು ನಿಮಿಷದ ತನಕ ಬಾರಿಸುತ್ತಿದ್ದರು.

2013ರ ಫೆಬ್ರುವರಿ 2ರ ರಾತ್ರಿ ‘ಎಂ ಬಿ ವಿ’ ಬಂತು. ಯಾವ ಕಂಪನಿಯೂ ನಡುವೆ ಇರಲಿಲ್ಲ. ತಮ್ಮದೇ ವೆಬ್‌ಸೈಟಿನಲ್ಲಿ ಬ್ಯಾಂಡ್ ಆಲ್ಬಮ್ ಮಾರಿತು. ಜನ ಒಮ್ಮೆಗೇ ನುಗ್ಗಿದ್ದರಿಂದ ಸೈಟೇ ಬಿದ್ದುಹೋಯಿತು. ಅದರ ಕೆಲವು ಭಾಗಗಳು 1996–97ರಲ್ಲೇ ರೆಕಾರ್ಡ್ ಆಗಿದ್ದವು. ಅಂದರೆ ಸ್ಟ್ರೆಥಮ್‌ನ ಆ ವರ್ಷಗಳು ಪೂರ್ತಿ ಹಾಳಾಗಿರಲಿಲ್ಲ. ವರ್ಷದ ಒಳ್ಳೆಯ ಆಲ್ಬಮ್‌ಗೆ ಬ್ರಿಟನ್‌ನಲ್ಲಿ ಕೊಡುವ ಮರ್ಕ್ಯುರಿ ಪ್ರಶಸ್ತಿಯ 2013ರ ಪಟ್ಟಿಯಲ್ಲಿ ಮಾತ್ರ ಅದು ಕಾಣಲಿಲ್ಲ. ದೊಡ್ಡ ವಿತರಕರ ಮೂಲಕ ಹೋಗದಿದ್ದಕ್ಕೇ ನಮ್ಮನ್ನು ಹೊರಗಿಟ್ಟರು ಎಂದು ಶೀಲ್ಡ್ಸ್ ಬಹಿರಂಗವಾಗಿ ದೂರಿದರು.

2021ರಲ್ಲಿ ಬ್ಯಾಂಡ್ ಡೊಮಿನೊ ಎಂಬ ಸ್ವತಂತ್ರ ಕಂಪನಿಗೆ ಬಂತು. ಹಳೆಯ ಆಲ್ಬಮ್‌ಗಳೆಲ್ಲ ಸ್ಟ್ರೀಮಿಂಗ್‌ನಲ್ಲಿ ಸಿಗತೊಡಗಿದವು. ಅದೇ ಹೊತ್ತಿಗೆ, ಇನ್ನೂ ಎರಡು ಆಲ್ಬಮ್ ಮಾಡುವ ಯೋಚನೆ ಇದೆ ಎಂದು ಶೀಲ್ಡ್ಸ್ ಹೇಳಿದರು. ಈ ಸಲ ಅವರು ಎಷ್ಟೇ ಸಮಯ ತೆಗೆದುಕೊಳ್ಳಲಿ, ಕಾಯಲು ನಾನು ತಯಾರಿದ್ದೇನೆ.