ಥೈರಾಯ್ಡ್ ರಿಪೋರ್ಟಿನಲ್ಲಿ ಮಿದುಳಿನ ಲೆಕ್ಕ ಯಾಕೆ?

ಥೈರಾಯ್ಡ್ ಟೆಸ್ಟ್ ಮಾಡಿಸಿದವರಿಗೆಲ್ಲ ಟಿಎಸ್‌ಎಚ್ ಎಂಬ ಹಾರ್ಮೋನಿನ ಹೆಸರು ಗೊತ್ತು. ಜಾಸ್ತಿ ಬಂದರೆ ಡಾಕ್ಟರು ಮಾತ್ರೆ ಬರೆಯುತ್ತಾರೆ, ಮುಂದಿನ ಸಲ ಇಳಿದಿದ್ದರೆ ಸರಿಯಿದೆ ಅನ್ನುತ್ತಾರೆ. ಆದರೆ ಈ ಟಿಎಸ್‌ಎಚ್ ಥೈರಾಯ್ಡಿನಲ್ಲಿ ಹುಟ್ಟುವುದೇ ಇಲ್ಲ. ಮಿದುಳಿನ ಬುಡದಲ್ಲಿ ಕಡಲೆಕಾಳಿನಷ್ಟು ದೊಡ್ಡ ಪಿಟ್ಯುಟರಿ ಗ್ರಂಥಿ ಇದೆಯಲ್ಲ, ಅಲ್ಲಿಂದ ಬರುತ್ತದೆ. ಕುತ್ತಿಗೆಯ ತೊಂದರೆಗೆ ತಲೆಯೊಳಗಿನ ಹಾರ್ಮೋನು ಅಳೆಯುವುದು ಯಾಕೆ? ಇದನ್ನು ಯಾರಾದರೂ ಕೂರಿಸಿಕೊಂಡು ಹೇಳಿದ್ದರೆ ಎಷ್ಟೋ ಜನ ನಡುವೆಯೇ ಮಾತ್ರೆ ಬಿಡುತ್ತಿರಲಿಲ್ಲ ಅಂತ ನನಗನ್ನಿಸುತ್ತದೆ.

ಮೊದಲು ಕುತ್ತಿಗೆಯಲ್ಲಿರುವ ಥೈರಾಯ್ಡ್ ಗ್ರಂಥಿಗೆ ಏನು ಕೆಲಸ ಅಂತಲೇ ಯಾರಿಗೂ ಗೊತ್ತಿರಲಿಲ್ಲ. ಸ್ವಿಟ್ಜರ್ಲೆಂಡಿನ ಬೆಟ್ಟದ ಊರುಗಳಲ್ಲಿ ಗಳಗಂಡ, ಅಂದರೆ ಈ ಗ್ರಂಥಿ ಊದಿಕೊಳ್ಳುವುದು, ಮನೆಮಾತಾಗಿತ್ತು. ಬರ್ನ್ ನಗರದ ಸರ್ಜನ್ ಥಿಯೊಡೋರ್ ಕೋಖರ್ ಅದನ್ನು ಕತ್ತರಿಸಿ ತೆಗೆಯುವುದರಲ್ಲಿ ಎತ್ತಿದ ಕೈ. ಆಪರೇಷನ್ ಚೆನ್ನಾಗಿ ಆಗುತ್ತಿತ್ತು, ಗಾಯವೂ ಮಾಯುತ್ತಿತ್ತು. ಆದರೆ ಗ್ರಂಥಿಯನ್ನು ಪೂರ್ತಿ ತೆಗೆದವರನ್ನು ಕೆಲವು ವರ್ಷದ ನಂತರ ಕರೆಸಿ ನೋಡಿದರೆ ಹೆಚ್ಚಿನವರು ಊದಿಕೊಂಡಿದ್ದರು, ಮಾತು ನಿಧಾನವಾಗಿತ್ತು, ಬುದ್ಧಿ ಮಂಕಾಗಿತ್ತು, ಮಕ್ಕಳಾಗಿದ್ದರೆ ಬೆಳವಣಿಗೆಯೇ ನಿಂತಿತ್ತು. 1883ರಲ್ಲಿ ಕೋಖರ್ ಇದನ್ನು ಮುಚ್ಚಿಡದೆ ಸಹೋದ್ಯೋಗಿಗಳ ಮುಂದೆ ಹೇಳಿದರು. ತನ್ನ ಕತ್ತಿಯಿಂದಲೇ ಆದ ಹಾನಿಯನ್ನು ಹೀಗೆ ಎದುರಿಗಿಡುವುದು ಸಣ್ಣ ಮಾತಲ್ಲ. ಮುಂದೆ 1909ರಲ್ಲಿ ಥೈರಾಯ್ಡ್ ಕುರಿತ ಕೆಲಸಕ್ಕೇ ಅವರಿಗೆ ನೊಬೆಲ್ ಬಂತು.

ಗ್ರಂಥಿ ಇಲ್ಲದ್ದಕ್ಕೆ ಹೀಗಾದರೆ, ಅದರ ಸಾರವನ್ನು ಹೊರಗಿನಿಂದ ಕೊಟ್ಟರೆ? ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ ಜಾರ್ಜ್ ಮರ್ರಿ ಎಂಬ ಯುವ ವೈದ್ಯರು 1891ರಲ್ಲಿ ಅದನ್ನೇ ಮಾಡಿದರು. ಕುರಿಯ ಥೈರಾಯ್ಡಿನಿಂದ ರಸ ತೆಗೆದು 46 ವರ್ಷದ ಒಬ್ಬ ಹೆಂಗಸಿಗೆ ಇಂಜೆಕ್ಷನ್ ಕೊಟ್ಟರು. ಆಕೆಯ ಮುಖದ ಊತ ಇಳಿಯಿತು, ಮಾತು ಚುರುಕಾಯಿತು. ಆಮೇಲೆ ಆಕೆ ಇನ್ನೂ 28 ವರ್ಷ ಬದುಕಿದರು. ಅಷ್ಟು ವರ್ಷಕ್ಕೆ 870ಕ್ಕೂ ಹೆಚ್ಚು ಕುರಿಗಳ ಗ್ರಂಥಿ ಬೇಕಾಯಿತಂತೆ. ಇವತ್ತು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನುಂಗುವ ಪುಟ್ಟ ಬಿಳಿ ಮಾತ್ರೆಯ ಹಿಂದೆ ಇಷ್ಟೆಲ್ಲ ಇದೆ.

ಇನ್ನೊಂದು ಪ್ರಶ್ನೆ ಹಾಗೇ ಉಳಿದಿತ್ತು. ಎಷ್ಟು ಹಾರ್ಮೋನು ಸಾಕು ಅಂತ ದೇಹಕ್ಕೆ ಹೇಳುವವರು ಯಾರು? ಪಿಟ್ಯುಟರಿ ಟಿಎಸ್‌ಎಚ್ ಕಳಿಸಿ ಥೈರಾಯ್ಡಿಗೆ ಕೆಲಸ ಹಚ್ಚುತ್ತದೆ, ರಕ್ತದಲ್ಲಿ ಥೈರಾಯ್ಡ್ ಹಾರ್ಮೋನು ಸಾಕಷ್ಟಾದ ಕೂಡಲೇ ಟಿಎಸ್‌ಎಚ್ ಕಡಿಮೆ ಮಾಡುತ್ತದೆ. ಓವರ್‌ಹೆಡ್ ಟ್ಯಾಂಕ್ ತುಂಬಿದಾಗ ಮೋಟರ್ ತಾನಾಗಿ ನಿಲ್ಲುವುದಿಲ್ಲವೇ, ಹಾಗೆ. ಪಿಟ್ಯುಟರಿಗೂ ಮೇಲೆ ಮಿದುಳಿನ ಹೈಪೋಥಾಲಮಸ್ ಎಂಬ ಭಾಗ ಇದೆ, ಅದೂ ಏನೋ ಒಂದು ಸಂದೇಶ ಕಳಿಸುತ್ತಿರಬೇಕು ಅನ್ನುವುದು ಬಹಳ ಕಾಲ ಬರೀ ಊಹೆ. ಅದನ್ನು ಹಿಡಿಯಲು ಅಮೆರಿಕದಲ್ಲಿ ವಿಜ್ಞಾನಿ ರೋಜರ್ ಗಿಯ್‌ಮ್ಯಾ ಕಸಾಯಿಖಾನೆಗಳಿಂದ ಕುರಿಯ ಮಿದುಳಿನ ತುಂಡುಗಳನ್ನು ತರಿಸಿದರು, ಆಂಡ್ರ್ಯೂ ಶಾಲಿ ಹಂದಿಯದನ್ನು. ಇಬ್ಬರಿಗೂ ಜಿದ್ದಾಜಿದ್ದಿ. ಗಿಯ್‌ಮ್ಯಾ ತಂಡಕ್ಕೆ ಸುಮಾರು 3 ಲಕ್ಷ ಕುರಿಗಳ ಹೈಪೋಥಾಲಮಸ್ ಅರೆದ ಮೇಲೆ ಸಿಕ್ಕಿದ್ದು 1 ಮಿಲಿಗ್ರಾಂ ವಸ್ತು! 1969ರಲ್ಲಿ ಅದರ ರಚನೆ ಗೊತ್ತಾಯಿತು: ಬರೀ ಮೂರು ಅಮೈನೋ ಆಮ್ಲ. ಮಿದುಳು ಹಾರ್ಮೋನಿನ ಮೂಲಕವೇ ಮಾತಾಡುತ್ತದೆ ಅನ್ನಲು ಸಾಕ್ಷಿ ಸಿಕ್ಕಿತು. 1977ರ ನೊಬೆಲ್‌ನಲ್ಲಿ ಇವರಿಬ್ಬರ ಜೊತೆ ರೊಸಾಲಿನ್ ಯಾಲೋ ಕೂಡ ಇದ್ದರು. ರಕ್ತದಲ್ಲಿರುವ ಹನಿಯಷ್ಟೂ ಅಲ್ಲದ ಹಾರ್ಮೋನನ್ನು ಅಳೆಯುವ ವಿಧಾನ ಅವರದು. ಟಿಎಸ್‌ಎಚ್ ಲ್ಯಾಬಿಗೆ ಬಂದದ್ದು ಆ ದಾರಿಯಿಂದಲೇ.

ಈಗ ರಿಪೋರ್ಟು ಓದಿ. ಟಿಎಸ್‌ಎಚ್ ಜಾಸ್ತಿ ಅಂದರೆ ಸಾಮಾನ್ಯವಾಗಿ ಪಿಟ್ಯುಟರಿ ಕೂಗಿ ಕೂಗಿ ಸುಸ್ತಾಗಿದೆ, ಥೈರಾಯ್ಡಿಗೆ ಕೈಲಾಗುತ್ತಿಲ್ಲ ಅಂತ. ಮಾತ್ರೆ ನುಂಗಿದಾಗ ಅದು ಇಳಿಯುವುದು ಮಾತ್ರೆಯ ದೆಸೆಯಿಂದ. ನಾರ್ಮಲ್ ಬಂತು ಅಂತ ಡಾಕ್ಟರನ್ನು ಕೇಳದೆ ನಿಲ್ಲಿಸಿದರೆ ಹೆಚ್ಚಿನವರಲ್ಲಿ ಮತ್ತೆ ಏರುತ್ತದೆ.

ಗಳಗಂಡವೂ ಇದೇ ಲೆಕ್ಕದಲ್ಲಿ ಅರ್ಥವಾಗುತ್ತದೆ. ಊಟದಲ್ಲಿ ಅಯೋಡಿನ್ ಇಲ್ಲದಿದ್ದರೆ ಹಾರ್ಮೋನು ತಯಾರಾಗುವುದಿಲ್ಲ, ಟಿಎಸ್‌ಎಚ್ ಬಡಿಯುತ್ತಲೇ ಇರುತ್ತದೆ, ಗ್ರಂಥಿ ಊದುತ್ತದೆ. ಹಿಮಾಚಲದ ಕಾಂಗ್ಡಾ ಕಣಿವೆಯಲ್ಲಿ ಇದು ಊರೂರಿನ ಪಾಡಾಗಿತ್ತು. 1956ರಲ್ಲಿ ವೈದ್ಯ ವಿಜ್ಞಾನಿ ವಿ. ರಾಮಲಿಂಗಸ್ವಾಮಿ ಮತ್ತು ಜೊತೆಗಾರರು ಆ ಪ್ರದೇಶವನ್ನು ಮೂರು ಭಾಗ ಮಾಡಿದರು. ಎರಡಕ್ಕೆ ಅಯೋಡಿನ್ ಬೆರೆಸಿದ ಉಪ್ಪು, ಒಂದಕ್ಕೆ ಸಾದಾ ಉಪ್ಪು. ಕೆಲವೇ ವರ್ಷಗಳಲ್ಲಿ ಅಯೋಡಿನ್ ಉಪ್ಪು ಸಿಕ್ಕ ಕಡೆ ಗಳಗಂಡ ಸ್ಪಷ್ಟವಾಗಿ ಇಳಿಯಿತು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು.

ಅಲ್ಲಿಂದ ನಮ್ಮ ಅಡುಗೆಮನೆವರೆಗಿನ ದಾರಿ ಮಾತ್ರ ನೆಟ್ಟಗಿರಲಿಲ್ಲ. ಅಯೋಡಿನ್ ಇಲ್ಲದ ಉಪ್ಪನ್ನು ಊಟಕ್ಕೆಂದು ಮಾರುವುದನ್ನು ಕೇಂದ್ರ ಸರ್ಕಾರ 1998ರಲ್ಲಿ ದೇಶದಾದ್ಯಂತ ತಡೆಯಿತು, 2000ದಲ್ಲಿ ತಡೆ ತೆಗೆಯಿತು, 2006ರಲ್ಲಿ ಮತ್ತೆ ತಂದಿತು. ಈಗ ಆರೋಗ್ಯಕ್ಕೆ ಒಳ್ಳೆಯದು ಅಂತ ಕಲ್ಲುಪ್ಪು, ಸೈಂಧವ ಉಪ್ಪಿಗೆ ಪೂರ್ತಿ ಬದಲಾಗುವವರು ಜಾಸ್ತಿಯಾಗಿದ್ದಾರೆ. ಇವುಗಳಲ್ಲಿ ಹೆಚ್ಚಿನವಕ್ಕೆ ಅಯೋಡಿನ್ ಬೆರೆಸಿರುವುದಿಲ್ಲ. ದೊಡ್ಡವರಿಗೆ ದಿನಕ್ಕೆ ಬೇಕಾದ್ದು 150 ಮೈಕ್ರೋಗ್ರಾಂ ಅಯೋಡಿನ್ ಅಷ್ಟೇ, ಬಸುರಿಯರಿಗೆ ಅದಕ್ಕಿಂತ ಜಾಸ್ತಿ. ಯಾಕೆಂದರೆ ಮೊದಲ ತಿಂಗಳುಗಳಲ್ಲಿ ಹೊಟ್ಟೆಯಲ್ಲಿರುವ ಮಗುವಿನ ಮಿದುಳು ಬೆಳೆಯುವುದು ತಾಯಿಯ ಥೈರಾಯ್ಡ್ ಹಾರ್ಮೋನನ್ನು ನಂಬಿಕೊಂಡು. ಹಾಗಾಗಿ ಮನೆಯಲ್ಲಿ ಬಸುರಿ ಇದ್ದರೆ ಸಾರಿಗೆ ಹಾಕುವ ಉಪ್ಪಿನ ಪ್ಯಾಕೆಟ್ ಮೇಲೆ ಅಯೋಡಿನ್ ಅಂತ ಬರೆದಿದೆಯಾ ಅಂತ ಒಮ್ಮೆ ನೋಡಿ.